ಬ್ಯಾಂಡ್ ಮಾಸ್ತರನ ಕೊರಳ ನರ

ಜೇವರ್ಗಿಯ ಬಸ್ ಸ್ಟ್ಯಾಂಡಿನಿಂದ ಊರೊಳಗೆ ಹೋಗುವ ರಸ್ತೆಯಲ್ಲಿ ಅವತ್ತು ಎರಡು ಬ್ಯಾಂಡುಗಳು ಎದುರುಬದುರು ನಿಂತಿದ್ದವು. ಹೆಣ್ಣಿನ ಕಡೆಯವರು ಆಳಂದದ ಬೇಳೆ ಮಿಲ್ಲಿನ ಶಾಂತಲಿಂಗಪ್ಪನವರು. ಅವರು ತಮ್ಮೂರಿನ ಉಸ್ಮಾನಸಾಬನ ಬ್ಯಾಂಡನ್ನೇ ಲಾರಿಯಲ್ಲಿ ಹತ್ತಿಸಿಕೊಂಡು ಬಂದಿದ್ದರು. ಗಂಡಿನ ಕಡೆಯವರು ಅಫಜಲಪುರದ ರಾಜೇಸಾಬನ ಬ್ಯಾಂಡ್ ಗೊತ್ತು ಮಾಡಿದ್ದರು. ಬೀಗರು ಬೀಗರು ಎದುರುಗೊಂಡು ಅಪ್ಪಿಕೊಳ್ಳುವ ಹೊತ್ತಿಗೆ ಬ್ಯಾಂಡುಗಳ ನಡುವೆ ಸೋಲು ಗೆಲುವಿನ ಮುಕಾಬಲಾ ಹತ್ತಿಕೊಂಡಿತು. ಆಮೇಲೆ ಮದುವೆ ಯಾರಿಗೆ ನೆನಪಿರುತ್ತದೆ? ಹಾರ ಹಿಡಿದವರು ಹಾರ ಹಿಡಿದಲ್ಲೇ, ಆರತಿ ತಟ್ಟೆ ಹಿಡಿದವರು ತಟ್ಟೆ ಹಿಡಿದಲ್ಲೇ ನಿಂತುಬಿಟ್ಟರು. ಗೋಡೆ, ಗಿಡ, ನಿಂತ ಬಸ್ಸಿನ ಟಾಪು, ಎಲ್ಲೆಲ್ಲೂ ಜನ.

ಅದು ಎಂಬತ್ತೈದನೇ ಇಸವಿಯ ಬೇಸಿಗೆ. ಉಸ್ಮಾನಸಾಬನಿಗೆ ಐವತ್ತು ದಾಟಿತ್ತು. ಅಗಲ ಎದೆ, ದಪ್ಪ ಮೀಸೆ, ಸದಾ ನಗುವ ಕಣ್ಣು. ಅವನ ಕ್ಲಾರ್ನೆಟ್ ಅಂದರೆ ಆಳಂದದಿಂದ ಗಡಿ ಆಚೆಯ ಅಕ್ಕಲಕೋಟದವರೆಗೂ ಹೆಸರು. ಒಂದೇ ಉಸಿರಿನಲ್ಲಿ ಒಂದು ಸ್ವರ ಹಿಡಿದು, ಅದನ್ನು ಮೇಲೆ ಮೇಲೆ ಒಯ್ದು, ಕೇಳುವವರಿಗೇ ಉಸಿರು ಕಟ್ಟುವ ತನಕ ಬಿಡದೆ ನಿಲ್ಲಿಸುವುದು ಅವನ ಹೆಚ್ಚುಗಾರಿಕೆ. ರಾಜೇಸಾಬನೂ ಕಮ್ಮಿ ಆಳಲ್ಲ. ಅವನ ಬೆರಳು ಓಡುವ ಓಟಕ್ಕೆ ಅಫಜಲಪುರದ ಹುಡುಗರು ಸೀಟಿ ಹೊಡೆಯುತ್ತಿದ್ದರು. ಅವನು ಒಂದು ತಾನ ಬಿಟ್ಟರೆ ಇವನು ಅದನ್ನು ತಿರುವಿ ಎರಡು ಬಿಡುತ್ತಿದ್ದ. ಉಸ್ಮಾನಸಾಬನ ಬಾಲ್ಯದ ಗೆಳೆಯ ದಾವಲಸಾಬ ಪಕ್ಕದಲ್ಲೇ ನಿಂತು ಢೋಲು ಬಾರಿಸುತ್ತಾ "ವಾರೆವ್ವಾ! ಹೊಡಿ ಮಾಸ್ತರ!" ಎಂದು ಕೂಗುತ್ತಿದ್ದ.

ಇಂಥ ಹೊತ್ತಿನಲ್ಲಿ ಆಗುವ ಖುಷಿ ಉಸ್ಮಾನಸಾಬನಿಗೆ ಬೇರೆ ಯಾತರಲ್ಲೂ ಆಗುತ್ತಿರಲಿಲ್ಲ. ಕಿವಿಯೊಳಗೆ ರಕ್ತ ಧಿಂ ಧಿಂ ಅನ್ನುತ್ತಿತ್ತು, ಮುಖ ಕಾದ ಹಂಚಿನಂತೆ ಬಿಸಿಯಾಗಿತ್ತು. ಆ ಲಗ್ನಕ್ಕೆಂದೇ ಹೊಲಿಸಿದ ಹೊಸ ಕೋಟು ಮೈಮೇಲಿತ್ತು. ಕೆಂಪು ಮಖಮಲ್ಲು, ಗದ್ದದವರೆಗೂ ಏರಿ ನಿಲ್ಲುವ ಬಿರುಸು ಕಾಲರು, ಅದಕ್ಕೆ ಜರಿ ಪಟ್ಟಿ. ಈಗ ರಾಜೇಸಾಬನಿಗೆ ಕೊನೆಯ ಉತ್ತರ ಕೊಟ್ಟೇ ಬಿಡುತ್ತೇನೆ ಎಂದು ಉಸ್ಮಾನಸಾಬ ಎದೆ ತುಂಬ ಉಸಿರೆಳೆದ. ಕ್ಲಾರ್ನೆಟ್ಟನ್ನು ಆಕಾಶಕ್ಕೆತ್ತಿದ. ತಲೆ ಹಿಂದಕ್ಕೆ ಬಾಗಿಸಿ, ಕೊರಳನ್ನು ರಾಜೇಸಾಬನ ಕಡೆಗೆ ಹೊರಳಿಸಿ ಸ್ವರ ಹಿಡಿದ. ಸ್ವರ ಏರಿತು. ಇನ್ನೂ ಏರಿತು. ಜನ "ಹೋ..." ಎಂದು ಎದ್ದು ನಿಂತರು.

ಅಷ್ಟರಲ್ಲಿ ಜನರ ಕೂಗು ದೂರ ದೂರ ಹೋಯಿತು. ಬಿಸಿಲು ಕಪ್ಪಾಯಿತು. ಉಸ್ಮಾನಸಾಬ ನಿಂತ ನಿಲುವಿನಲ್ಲೇ ಕುಸಿದು ಬಿದ್ದ.

ಕಣ್ಣು ತೆರೆದಾಗ ಮುಖದ ಮೇಲೆ ನೀರು ಸುರಿದಿತ್ತು. ಕೋಟಿನ ಗುಂಡಿಗಳನ್ನು ಯಾರೋ ಬಿಚ್ಚಿದ್ದರು. ಎಲ್ಲಕ್ಕಿಂತ ಹತ್ತಿರ ಇದ್ದದ್ದು ರಾಜೇಸಾಬನ ಮುಖ. ತನ್ನ ಬ್ಯಾಂಡು ನಿಲ್ಲಿಸಿ ಓಡಿ ಬಂದಿದ್ದ.

"ಉಸ್ತಾದ, ಏನಾತ್ರಿ? ನನ್ನ ಹೆದರಿಸಾಕ ಹಿಂಗ ಮಾಡ್ತೀರೇನು?" ಎಂದ. ನಗಿಸಲು ಆಡಿದ ಮಾತು, ಆದರೆ ಆಡುತ್ತಲೇ ತನ್ನ ಟವೆಲ್ಲಿನಿಂದ ಉಸ್ಮಾನಸಾಬನ ಮುಖ ಒರೆಸಿದ.

"ಏನಿಲ್ಲ, ಏನಿಲ್ಲ, ಬಿಸಲು," ಎಂದು ಉಸ್ಮಾನಸಾಬ ಎದ್ದು ಕೂತ. ನಿಜಕ್ಕೂ ಏನೂ ಆಗಿಲ್ಲದಂತಿತ್ತು. ಕೈಕಾಲು ಗಟ್ಟಿ ಇದ್ದವು, ಮಾತು ಸರಿ ಇತ್ತು. ಆದರೆ ಬಸ್ಸಿನ ಟಾಪಿನ ಮೇಲಿನ ಜನ ದಿಟ್ಟಿ ಆಯಿತು ಅನ್ನುತ್ತಿದ್ದರು, ವಯಸ್ಸಾಯಿತು ಅನ್ನುತ್ತಿದ್ದರು. ಆ ಎರಡನೆಯ ಮಾತು ಅವನ ಎದೆಗೆ ಸೀದಾ ನಾಟಿತು.

*

ಡಾಕ್ಟರ ಹತ್ತಿರ ಹೋಗಲು ಉಸ್ಮಾನಸಾಬ ಸುತಾರಾಂ ಒಪ್ಪಲಿಲ್ಲ. ಹೆಂಡತಿ ಪ್ಯಾರಿಬಿ ಮಾತು ಬಿಟ್ಟಳು. ಅದಕ್ಕೂ ಬಗ್ಗಲಿಲ್ಲ. ಕಡೆಗೆ ದಾವಲಸಾಬ, "ನೀ ಹೋಗಲಿಲ್ಲಂದ್ರ ನಾ ಢೋಲ ಮುಟ್ಟಂಗಿಲ್ಲ ಲೇ," ಎಂದ ಮೇಲೆ ಟವೆಲ್ಲು ಕೊಡವಿಕೊಂಡು ಎದ್ದ.

ಆಳಂದದ ಬಸ್ ಸ್ಟ್ಯಾಂಡ್ ಹಿಂದೆ ಕಡಗಂಚಿಯ ಹೀರಾಬಾಯಿ ಹೊಸದಾಗಿ ದವಾಖಾನೆ ತೆರೆದಿದ್ದಳು. ಗುಲಬರ್ಗಾದಲ್ಲಿ ಡಾಕ್ಟರಕಿ ಓದಿ ಬಂದ ಹುಡುಗಿ, ಇನ್ನೂ ಮೂವತ್ತಾಗಿರಲಿಲ್ಲ. ಮಾತು ಗಡಬಡ, ನಡಿಗೆ ಗಡಬಡ. ಏನಾದರೂ ಹೊಸದು ಕಂಡರೆ ಕಣ್ಣು ಮಿಂಚುತ್ತಿದ್ದವು. ಉಸ್ಮಾನಸಾಬನ ತೋಳಿಗೆ ಪಟ್ಟಿ ಕಟ್ಟಿ ಗಾಳಿ ಹಾಕಿದಳು. ಪಾದರಸ ಏರಿತು, ಏರುತ್ತಲೇ ಹೋಯಿತು. ಅವಳು ಇನ್ನೊಂದು ತೋಳಿಗೂ ಕಟ್ಟಿ ನೋಡಿದಳು. ಮಲಗಿಸಿ ನೋಡಿದಳು, ನಿಲ್ಲಿಸಿ ನೋಡಿದಳು.

"ಮಾಸ್ತರ, ನಿಮ್ಮ ಪ್ರೆಶರ್ ಭಾಳ ಏರ್ಯಾದ. ಇವತ್ತಿಂದಲ್ಲ ಇದು. ಎಷ್ಟೋ ವರ್ಷದಿಂದ ಹಿಂಗೇ ಇರಬೇಕು."

"ನಂಗೇನೂ ಆಗಿಲ್ಲಲ್ರಿ ಡಾಕ್ಟರ್‌ಬಾಯಿ! ತಲಿ ನೋಯಂಗಿಲ್ಲ, ದಮ್ಮಿಲ್ಲ."

"ಅದೇ ಇದರ ಗುಣ. ಹೇಳದೆ ಕೇಳದೆ ಕುಂತಿರ್ತದ," ಎಂದವಳು ಏನೋ ನೆನಪಾದಂತೆ ಥಟ್ಟನೆ ಮೇಜು ತಟ್ಟಿದಳು. "ಆದ್ರ ಲೆಕ್ಕ ಕೂಡವಲ್ದು ನೋಡ್ರಿ! ತಲಿಗೆ ರಕ್ತ ಸಾಲದಾದಾಗ ಮನಶ್ಯಾ ಎಚ್ಚರ ತಪ್ಪಿ ಬೀಳ್ತಾನ. ನಿಮ್ಮ ಒತ್ತಡ ನೋಡಿದ್ರ ಆಕಾಶಕ್ಕೇರ್ಯಾದ. ಹಂಗಾದ್ರ ತಲಿಗೆ ರಕ್ತ ಯಾಕ ಸಾಲಲಿಲ್ಲ? ಬೀಳೋ ಮುಂದ ಹ್ಯಾಂಗ ನಿಂತಿದ್ರಿ? ಬರೋಬ್ಬರಿ ಹೇಳ್ರಿ."

ಉಸ್ಮಾನಸಾಬ ತಲೆ ಎತ್ತಿದ್ದು, ಕೊರಳು ಹೊರಳಿಸಿದ್ದು, ಉಸಿರು ಬಿಗಿ ಹಿಡಿದದ್ದು ಎಲ್ಲ ಹೇಳಿದ. ಕೋಟಿನ ಸುದ್ದಿ ಹೇಳಿದವನು ದಾವಲಸಾಬ. ಅವಳು ಕುರ್ಚಿಯಿಂದ ಜಿಗಿದೆದ್ದಳು.

"ನಾಳಿಗೆ ಆ ಕೋಟ ಹಾಕ್ಕೊಂಡು ಬರ್ರಿ. ಕ್ಲಾರ್ನೆಟ್ ತರ್ರಿ. ಆದ್ರ ಊದಬಾರದು!"

ಮರುದಿನ ಮುಂಜಾನೆ ದವಾಖಾನೆಗೆ ಬಂದ ರೋಗಿಗಳು ತಮ್ಮ ರೋಗ ಮರೆತರು. ಕೆಂಪು ಕೋಟಿನ ಬ್ಯಾಂಡ್ ಮಾಸ್ತರ ಒಳಗೆ ಹೋದದ್ದು ನೋಡಿ ಬಾಗಿಲಿಗೆ ಮುಕುರಿದರು. ಹೀರಾಬಾಯಿ ಅವನನ್ನು ಮಂಚದ ಅಂಚಿಗೆ ಕೂರಿಸಿದಳು. ದಾವಲಸಾಬನನ್ನು ಬೆನ್ನಿಗೆ ನಿಲ್ಲಿಸಿದಳು. ತಾನು ಒಂದು ಕೈಯಿಂದ ಅವನ ನಾಡಿ ಹಿಡಿದಳು, ಇನ್ನೊಂದನ್ನು ಕಾಲರಿನ ಗುಂಡಿಯ ಮೇಲೇ ಇಟ್ಟುಕೊಂಡಳು.

"ಈಗ ಸಾವಕಾಶ ತಲಿ ಎತ್ರಿ. ಅವತ್ತು ಹೊಳ್ಳಿದಂಗ ಹೊಳ್ಳ್ರಿ. ಏನಾಗ್ತದ ಅಂತ ಹೇಳಕೋತ ಇರ್ರಿ."

ಅವನು ತಲೆ ಎತ್ತಿದ. ಕಾಲರಿನ ಬಿರುಸು ಅಂಚು ಗದ್ದದ ಕೆಳಗೆ ಒತ್ತಿತು. ಬಾಗಿಲಲ್ಲಿ ಗುಜುಗುಜು ನಿಂತಿತು. ಹೀರಾಬಾಯಿಯ ಮುಖದಲ್ಲಿ ಬಣ್ಣ ಏರುವುದನ್ನು ಅವನು ಓರೆಗಣ್ಣಿನಲ್ಲಿ ಕಂಡ. ಆಮೇಲೆ ಅವಳ ಮುಖವೇ ಮಸುಕಾಯಿತು.

"ಕಣ್ಣಿಗೆ ಕತ್ತಲಿ ಬರಾಕತ್ತಾದ್ರಿ..."

ಅವಳು ಪಟ್ಟನೆ ಗುಂಡಿ ಕಿತ್ತು ಕಾಲರು ಬಿಚ್ಚಿ ಅವನನ್ನು ಮಲಗಿಸಿದಳು. ಕಣ್ಣಿಗೆ ಬೆಳಕು ಬಂದಾಗ ಡಾಕ್ಟರ್‌ಬಾಯಿ ಎರಡೂ ಕೈ ಮೇಲೆತ್ತಿ ನಗುತ್ತಿದ್ದಳು.

"ಸಿಕ್ತು! ಸಿಕ್ತು ಮಾಸ್ತರ! ನಿಮ್ಮ ನಾಡಿ ಓಡೋದು ಸಾವಕಾಶ ಆತು, ಮತ್ತೂ ಸಾವಕಾಶ ಆತು, ಒಂದು ಬಡಿತ ಬರಲೇ ಇಲ್ಲ. ನಾನೇ ಹೆದರಿದೆ. ಗುಂಡಿ ಬಿಚ್ಚಿದ್ದೇ ತಡ, ಓಡಿ ಬಂತು!"

"ನನ್ನ ಕೋಟನ್ಯಾಗ ದೆವ್ವ ಅದ ಏನ್ರಿ?"

"ಕೋಟನ್ಯಾಗ ಇಲ್ಲ, ಕೊರಳಾಗ ಕಾವಲುಗಾರ ಇದ್ದಾನ," ಎಂದು ಅವಳು ತನ್ನ ಗದ್ದದ ಕೆಳಗೆ ಬೆರಳು ಇಟ್ಟು ತೋರಿಸಿದಳು. "ಇಲ್ಲಿ ಎರಡೂ ಬಾಜೂಕ ಮೆದುಳಿಗೆ ರಕ್ತ ಒಯ್ಯೋ ನಾಳ ಅದಾವ. ಅದರ ಗೋಡ್ಯಾಗ ನರ ಕುಂತಾವ. ರಕ್ತದ ಒತ್ತಡ ಏರಿದ್ರ ಗೋಡಿ ಹಿಗ್ತದ. ಆಗ ನರ ಮೆದುಳಿಗೆ ಸುದ್ದಿ ಮುಟ್ಟಿಸ್ತದ. ಮೆದುಳು ಎದಿಗೆ 'ಜರಾ ಸಾವಕಾಶ' ಅಂತದ, ರಕ್ತನಾಳಕ್ಕ 'ಜರಾ ಸಡ್ಲ ಬಿಡ್ರಿ' ಅಂತದ. ಒತ್ತಡ ಇಳೀತದ. ಒತ್ತಡ ಬಿದ್ರ ಇದರ ಉಲ್ಟಾ. ನಾವು ನಿಂತಾಗ, ಕುಂತಾಗ, ಓಡಿದಾಗ, ಜಗಳಾಡಿದಾಗ ಈ ಕೆಲಸ ನಡದೇ ಇರ್ತದ. ನಿಮ್ಮ ಕಾಲರ್ ಹೊರಗಿಂದ ಒತ್ತಿತು. ನರ ಮೋಸ ಹೋತು. ಒತ್ತಡ ಮಿತಿ ಮೀರೇದ ಅಂತ ತಿಳಕೊಂಡು ಎದಿಗೆ ಬ್ರೇಕ್ ಹಾಕಿಸ್ತು. ಅದರ ಮ್ಯಾಲ ನೀವು ಉಸುರು ಬಿಗಿ ಹಿಡದು ಊದಾಕತ್ತಿದ್ರಿ, ಎದಿಗೆ ವಾಪಸ್ ಬರೋ ರಕ್ತನೂ ಕಮ್ಮಿ. ಬೀಳದೇ ಏನು ಮಾಡ್ತೀರಿ?"

ಬಾಗಿಲಲ್ಲಿ ನಿಂತವರೆಲ್ಲ ತಮ್ಮ ತಮ್ಮ ಕೊರಳು ಮುಟ್ಟಿಕೊಳ್ಳತೊಡಗಿದರು. "ಯಾರೂ ಒತ್ತಿಗೋಬ್ಯಾಡ್ರಿ!" ಎಂದು ಅವಳು ಚೀರಿದಳು.

ಉಸ್ಮಾನಸಾಬ ಮಾತ್ರ ಮಲಗಿದಲ್ಲೇ ಯೋಚನೆಗೆ ಬಿದ್ದಿದ್ದ. ತಾನು ಮುದುಕನಾದದ್ದಲ್ಲ, ಕಾಲರು ಒತ್ತಿದ್ದು ಎಂದು ತಿಳಿದೇ ಅವನಿಗೆ ಅರ್ಧ ಜೀವ ಬಂದಿತ್ತು. ಆದರೆ ಇನ್ನೊಂದು ಸಂಶಯ ಕೊರೆಯುತ್ತಿತ್ತು.

"ಡಾಕ್ಟರ್‌ಬಾಯಿ, ಒಂದು ಮಾತು ಕೇಳ್ತೇನಿ. ಒಂದು ಕಾಲರ್ ಒತ್ತಿದ್ದಕ್ಕ ಇಷ್ಟು ಎಗರಾಡೋ ಕಾವಲುಗಾರ, ನನ್ನ ಪ್ರೆಶರ್ ವರ್ಷಗಟ್ಟಲೆ ಏರಿ ಕುಂತಾಗ ಏನು ಮಾಡ್ತಿದ್ದ? ಅದನ್ನ ಯಾಕ ಇಳಸಲಿಲ್ಲ?"

ಹೀರಾಬಾಯಿ ಅವನನ್ನೇ ನೋಡಿದಳು. ನಿಧಾನಕ್ಕೆ ಅವಳ ಮುಖ ತುಂಬ ನಗೆ ಹರಡಿತು.

"ಎಂಥಾ ಪ್ರಶ್ನಿ ಕೇಳಿದ್ರಿ ಮಾಸ್ತರ! ಅರ್ಧ ಉತ್ತರ ನಂಗ ಗೊತ್ತದ. ಗುಲಬರ್ಗಾದಾಗ ನಮ್ಮ ಸರ್ ಇದೇ ವಿಷಯದ ಮ್ಯಾಲ ಜೀವನ ಕಳದಾರ. ಈ ವಾರ ಹೋಗಿ ಪೂರಾ ಕೇಳಿಕೊಂಡು ಬರ್ತೇನಿ. ಅಲ್ಲೀತನಕ ಈ ಗುಳಿಗಿ ದಿನಾ ಒಂದ ಒಂದು. ಮೆರವಣಗಿಗೆ ಹೋಗಬ್ಯಾಡ್ರಿ."

*

ಆದರೆ ಆ ವಾರವೇ ಕಡಗಂಚಿಯಲ್ಲಿ ಅವನು ಒಪ್ಪಿಕೊಂಡಿದ್ದ ಒಂದು ಲಗ್ನವಿತ್ತು. ಕಾಲರಿನ ಗುಟ್ಟು ಗೊತ್ತಾದ ಮೇಲೆ ಹೆದರಿಕೆ ಏನು? ಉಳಿದದ್ದು ಪ್ರೆಶರ್ ಒಂದೇ. ಅದನ್ನು ಬೇಗ ಇಳಿಸಿಬಿಟ್ಟರೆ ಡಾಕ್ಟರ್‌ಬಾಯಿಯೇ ಹೋಗಿ ಬಾ ಅನ್ನುತ್ತಾಳೆ. ಹೀಗೆ ಯೋಚಿಸಿ ಉಸ್ಮಾನಸಾಬ ಪ್ಯಾರಿಬಿಯ ಕಣ್ಣು ತಪ್ಪಿಸಿ ಗುಳಿಗೆಗಳನ್ನು ಒಂದರ ಬದಲು ಒಟ್ಟೊಟ್ಟಿಗೆ ನುಂಗಿದ.

ಮಧ್ಯಾಹ್ನ ಊಟಕ್ಕೆಂದು ಚಾಪೆಯಿಂದ ಎದ್ದ. ನೆಲ ಓಡಿತು. ಗೋಡೆ ಹಿಡಿದ, ಗೋಡೆಯೂ ಓಡಿತು. ಎದೆಯೊಳಗೆ ಯಾರೋ ತಾಶಾ ಬಾರಿಸುವ ಹಾಗೆ ಬಡಿತ ಶುರುವಾಯಿತು. ಮೈ ತಣ್ಣಗೆ ಬೆವರಿತು. "ಪ್ಯಾರೀ..." ಎನ್ನುವಷ್ಟರಲ್ಲಿ ಮತ್ತೆ ಚಾಪೆಯ ಮೇಲಿದ್ದ.

ಪ್ಯಾರಿಬಿ ಅಳಲಿಲ್ಲ, ಕೂಗಾಡಲಿಲ್ಲ. ಖಾಲಿಯಾದ ಗುಳಿಗೆ ಪಟ್ಟಿ ಕಂಡವಳೇ ಅವನ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು, ಬುರ್ಖಾ ಏರಿಸಿಕೊಂಡು ದವಾಖಾನೆಗೆ ಓಡಿದಳು. ಹೀರಾಬಾಯಿ ಗುಲಬರ್ಗಾದಿಂದ ಬಂದ ಬಸ್ಸು ಇಳಿದು ಚೀಲ ಕೂಡ ಕೆಳಗಿಟ್ಟಿರಲಿಲ್ಲ. ಹಾಗೇ ಪ್ಯಾರಿಬಿಯ ಹಿಂದೆ ಬಂದಳು. ಅಳೆದು ನೋಡಿದಳು, ಮಲಗಿಸಿಯೇ ನೀರು ಕುಡಿಸಿದಳು, ಬಡಿತ ತಣ್ಣಗಾಗುವ ತನಕ ಪಕ್ಕದಲ್ಲೇ ಕೂತಳು. ಸಂಜೆಯಾಗಿ ಅವನ ಮುಖಕ್ಕೆ ಬಣ್ಣ ಬಂದ ಮೇಲೆಯೇ ಬೈದದ್ದು.

"ನಿಮ್ಮ ಹೆಂಡ್ತಿ ಇವತ್ತು ಇರಲಿಲ್ಲಂದ್ರ ಏನಾಗ್ತಿತ್ತು ಗೊತ್ತದ ಏನು? ಒತ್ತಡ ಇಳಸೋದು ಅಂದ್ರ ಬಾವಿಗೆ ಕೊಡ ಬಿಟ್ಟಂಗ ಅಂತ ತಿಳದೀರೇನು?"

"ತಪ್ಪಾತ್ರಿ," ಎಂದ ಉಸ್ಮಾನಸಾಬ. ಆಮೇಲೆ ತಡೆಯಲಾರದೆ ಕೇಳಿಯೇ ಬಿಟ್ಟ: "ನಿಮ್ಮ ಸರ್ ಏನಂದ್ರು?"

ಬೈಯುತ್ತಿದ್ದ ಹೀರಾಬಾಯಿಗೆ ನಗು ಬಂತು. ಕಾಲು ಮಡಚಿ ಚಾಪೆಯ ಮೇಲೆ ಸರಿಯಾಗಿ ಕೂತಳು.

"ನಿಮ್ಮ ಕಾವಲುಗಾರ ನಿದ್ದಿ ಮಾಡಿಲ್ಲ ಮಾಸ್ತರ. ಅವನಿಗೆ ರೂಢಿ ಆಗ್ಯಾದ! ಒತ್ತಡ ಜರಾ ಏರಿ ಅಲ್ಲೇ ನಿಂತ್ರ, ಮೊದಮೊದಲು ನರ ಒದರ್ತದ. ದಿನ ಹೋದಂಗ ಒದರೋದು ಕಮ್ಮಿ ಮಾಡ್ತದ. ಆಮ್ಯಾಲ ಆ ಏರಿದ ಒತ್ತಡನೇ ಬರೋಬ್ಬರಿ ಅಂತ ಹಿಡೀತದ. ಮತ್ತ ಏರ್ತದ, ಮತ್ತ ರೂಢಿ. ಹಿಂಗ ಮೆಟ್ಟಲು ಮೆಟ್ಟಲು. ಇವತ್ತು ನೀವು ಒಮ್ಮೆಲೇ ಇಳಿಸಿದ್ರಿ. ಅವನು 'ಒತ್ತಡ ಬಿತ್ತು, ಮನಶ್ಯಾ ಸತ್ತ' ಅಂತ ಹೆದರಿ ಎದಿಗೆ ಚಾಬೂಕ ಹೊಡದ. ಅದಕ್ಕೇ ನಿಮ್ಮ ಎದಿ ತಾಶಾ ಬಾರಿಸ್ತು!"

ಉಸ್ಮಾನಸಾಬ ಮಲಗಿದ್ದವನು ಮೊಳಕೈ ಊರಿ ಎದ್ದ. "ತಡೀರಿ, ತಡೀರಿ! ಇದು ನಂಗ ಗೊತ್ತದ! ಬಿಸಲಾಗ ಊದಕೋತ ಹೋದ್ರ ಕ್ಲಾರ್ನೆಟ್ ಕಾಯ್ತದ, ಶ್ರುತಿ ಏರ್ತದ. ನಾ ಏರಿದೆ ಅಂದ್ರ ಹಿಂದಿನವರೆಲ್ಲ ನನ್ನ ಹಿಂದ ಏರ್ತಾರ. ಎಲ್ಲಾರೂ ಕೂಡೇ ಏರಿದ ಮ್ಯಾಲ ಏರೀವಿ ಅಂತ ಯಾರಿಗೂ ಗೊತ್ತಾಗಂಗಿಲ್ಲ. ಕಿವಿಗೆ ಸುರಳೀತ ಕೇಳಸ್ತದ. ಯಾರರ ಬಂದು ಹಾರ್ಮೋನಿಯಂ ಪೆಟ್ಟಿಗಿ ಬಾರಿಸಿದಾಗ ಅಷ್ಟೇ ಅಯ್ಯೋ ಅನಸ್ತದ!"

"ಅದೇ! ಅದೇ ನೋಡ್ರಿ!" ಹೀರಾಬಾಯಿ ಚಪ್ಪಾಳೆ ಹೊಡೆದಳು. ಪ್ಯಾರಿಬಿ ಇಬ್ಬರನ್ನೂ ನೋಡಿ, ಇವರಿಗೆ ಹುಚ್ಚು ಹಿಡಿಯಿತೇನೋ ಎಂಬಂತೆ ಚಹಾ ಇಡಲು ಒಳಗೆ ಹೋದಳು.

"ಅಂಥಾ ವ್ಯಾಳ್ಯಾದಾಗ ನೀವು ಏನು ಮಾಡ್ತೀರಿ?"

"ಸಾವಕಾಶ ಇಳಸ್ತೇವ್ರಿ. ಕ್ಲಾರ್ನೆಟ್ಟಿನ ತುಂಡು ಕೂಡೋ ಗಂಟು ಒಂದು ಎಳಿಯಷ್ಟು ಹೊರಗ ಎಳೀಬೇಕು. ಒಮ್ಮೆಲೇ ಎಳದ್ರ ಇಡೀ ಬ್ಯಾಂಡ್ ಹರದು ಹೋಗ್ತದ."

"ಹಂಗಾದ್ರ ಇದೂ ಹಂಗೇ. ಜರಾ ಇಳಸೋದು, ನರಕ್ಕ ರೂಢಿ ಆಗಾಕ ಬಿಡೋದು, ಮತ್ತ ಜರಾ ಇಳಸೋದು. ಏರಿದ್ದಕ್ಕ ರೂಢಿ ಆಗೋ ನರ ಇಳದಿದ್ದಕ್ಕೂ ರೂಢಿ ಆಗ್ತದ. ಇನ್ನೊಂದು ಮಾತು. ಮೆದುಳಿನ ನರ ಎದಿಗೆ ಅಷ್ಟೇ ಹೋಗಂಗಿಲ್ಲ, ಕಿಡ್ನಿಗೂ ಹೋಗ್ತಾವ. ಉಪ್ಪು ನೀರು ಎಷ್ಟು ಹೊರಗ ಬಿಡಬೇಕು, ಎಷ್ಟು ಇಟ್ಟುಕೋಬೇಕು ಅಂತ ನೋಡೋದು ಅದು. ಒಂದು ಗಳಿಗಿ ಒತ್ತಡ ಎದಿ ನೋಡಿಕೊಂತದ, ವರ್ಷಗಟ್ಟಲೆದ್ದು ಕಿಡ್ನಿ ಹಿಡೀತದ. ನರ ಅದನ್ನ ಒತ್ತಾಯ ಮಾಡಕೋತ ಇದ್ರ ಅದು ಉಪ್ಪು ಬಿಡಂಗಿಲ್ಲ, ಒತ್ತಡ ಇಳಿಯಂಗಿಲ್ಲ."

ಉಪ್ಪು ಎಂಬ ಮಾತು ಕಿವಿಗೆ ಬಿದ್ದದ್ದೇ ಪ್ಯಾರಿಬಿ ಒಳಗಿನಿಂದ ಬಂದಳು. "ಉಪ್ಪಿನಕಾಯಿ ಡಬ್ಬಿ ಇವರ ತಲಿದಿಂಬಿನ ಬಾಜೂಕೇ ಇರ್ತದ ನೋಡ್ರಿ ಬಾಯಿ. ರೊಟ್ಟಿಗಿಂತ ಉಪ್ಪಿನಕಾಯಿನೇ ಜಾಸ್ತಿ." ಅಂದು ಹೋದ ಡಬ್ಬಿಯನ್ನು ಉಸ್ಮಾನಸಾಬ ಮತ್ತೆ ಕಾಣಲಿಲ್ಲ. ಓಣಿಯ ಮಂದಿಗೆಲ್ಲ ಹಂಚಿದಳಂತೆ.

*

ಮಳೆಗಾಲ ಬಂತು, ಹೋಯಿತು. ಉಸ್ಮಾನಸಾಬ ಹೇಳಿದಷ್ಟೇ ಗುಳಿಗೆ ನುಂಗಿದ. ಸಪ್ಪನ ಬೇಳೆ ಉಂಡ. ಮುಂಜಾನೆ ತೊಗರಿ ಹೊಲಗಳ ದಾರಿಯಲ್ಲಿ ದಾವಲಸಾಬನ ಜೊತೆ ನಡೆದಾಡಿದ. ದರ್ಜಿ ಕೋಟುಗಳ ಕಾಲರು ಕತ್ತರಿಸಿ ತಗ್ಗಿಸಿ ಕೊಟ್ಟ. ಪಾದರಸ ಪ್ರತಿ ಸಲ ಸ್ವಲ್ಪ ಕೆಳಗೆ ನಿಲ್ಲತೊಡಗಿತು.

ಆದರೆ ಅವನ ಮುಖ ಬಾಡಿತ್ತು. ಕಿವಿಯಲ್ಲಿ ಆ ಧಿಂ ಧಿಂ ಇರಲಿಲ್ಲ. ಕ್ಲಾರ್ನೆಟ್ ಹಿಡಿದರೆ ಮುಖ ಬಿಸಿಯಾಗುತ್ತಿರಲಿಲ್ಲ. ಊದಿದ ಸ್ವರ ತನಗೇ ತಣ್ಣಗೆ ಕೇಳುತ್ತಿತ್ತು. ಒಂದು ದಿನ ಊದುತ್ತಿದ್ದವನು ನಡುವೆಯೇ ನಿಲ್ಲಿಸಿ ಕ್ಲಾರ್ನೆಟ್ ಪೆಟ್ಟಿಗೆಯಲ್ಲಿಟ್ಟ. ಸೀದಾ ದವಾಖಾನೆಗೆ ಹೋಗಿ ಹೀರಾಬಾಯಿಯ ಎದುರು ಕೂತ.

"ಬಾಯಿ, ಪ್ರೆಶರ್ ಇಳೀತು ಖರೆ. ಅದರ ಕೂಡ ನನ್ನ ಉಮೇದನೂ ಇಳದು ಹೋತು. ಆ ಬಿಸಿ ರಕ್ತನೇ ನನ್ನ ಬಾಜಾ ಊದಸ್ತಿತ್ತು ಅಂತ ಕಾಣ್ತದ. ಇದು ಬ್ಯಾಡ್ರಿ ನಂಗ."

ಅವಳು ವಾದ ಮಾಡಲಿಲ್ಲ. ಕೊರಳಿನ ಸ್ಟೆತಾಸ್ಕೋಪ್ ತೆಗೆದು ಅವನ ಕಿವಿಗೇ ಹಾಕಿದಳು, ಇನ್ನೊಂದು ತುದಿ ಅವನ ಎದೆಯ ಮೇಲಿಟ್ಟಳು.

ಉಸ್ಮಾನಸಾಬನ ಹುಬ್ಬು ಏರಿದವು. ಒಳಗೆ ಯಾರೋ ದಪ್ಪ ಚರ್ಮದ ಮೇಲೆ ಅಂಗೈಯಿಂದ ಬಾರಿಸುತ್ತಿದ್ದರು. ಎರಡು ಪೆಟ್ಟು, ಒಂದು ಬಿಡುವು. ಎರಡು ಪೆಟ್ಟು, ಒಂದು ಬಿಡುವು.

"ಇದು ನಂದೇ ಏನ್ರಿ?" ಎಂದು ಪಿಸುಗುಟ್ಟಿದ.

"ನಿಮ್ಮದೇ. ಈಗ ಉಸುರು ಸಾವಕಾಶ ಒಳಗ ತಗೋರಿ. ಹಾಂ. ಈಗ ಸಾವಕಾಶ ಬಿಡ್ರಿ. ನಿಮ್ಮ ದೊಡ್ಡ ಸ್ವರ ಬಿಟ್ಟಂಗ."

ಅವನು ಉಸಿರೆಳೆದ. ಒಳಗಿನ ಬಡಿತ ಮೆಲ್ಲಗೆ ಚುರುಕಾಯಿತು. ಉಸಿರು ಬಿಟ್ಟ. ಬಡಿತ ಸಾವಕಾಶವಾಯಿತು. ಮತ್ತೆ ಎಳೆದ, ಚುರುಕು. ಬಿಟ್ಟ, ಸಾವಕಾಶ. ನಲವತ್ತು ವರ್ಷದಿಂದ ಈ ಎದೆಯ ಮೇಲೆ ಕ್ಲಾರ್ನೆಟ್ ಒರಗಿಸಿಕೊಂಡವನಿಗೆ ಒಳಗೊಬ್ಬ ತನ್ನ ಉಸಿರಿಗೇ ತಾಳ ಹಾಕುತ್ತಿದ್ದಾನೆಂದು ತಿಳಿದಿರಲಿಲ್ಲ.

"ಮೊದಲು ನೀವು ಬಂದಾಗ ನಾ ಹಿಂಗೇ ಕೇಳಿದ್ದೆ," ಎಂದಳು ಹೀರಾಬಾಯಿ. "ಆಗ ನಿಮ್ಮ ಎದಿ ಮಷೀನ್ ಆಗಿತ್ತು. ಉಸುರು ಏನರ ಮಾಡಲಿ, ಅದು ಒಂದೇ ಸವನ ಬಡೀತಿತ್ತು. ಈಗ ನರದ ಮಾತು ಕೇಳಾಕತ್ತದ. ಖುಷಿ ಆದ್ರ ಏರಲಿ, ಮಾಸ್ತರ! ಮುಕಾಬಲಾದಾಗ ಏರದಿದ್ರ ಅದೆಂಥಾ ಎದಿ? ಏರಿದ್ದು ಹೊಳ್ಳಿ ಇಳೀಬೇಕು, ಅಷ್ಟೇ. ಸುಮ್ಮನ ಕುಂತಾಗನೂ ಏರಿ ಇರ್ತಿತ್ತಲ್ಲ, ಅದು ಉಮೇದ ಅಲ್ಲ."

ಉಸ್ಮಾನಸಾಬ ಸ್ಟೆತಾಸ್ಕೋಪನ್ನು ಕಿವಿಯಿಂದ ತೆಗೆಯಲೇ ಇಲ್ಲ. ಹೊರಗೆ ಕಾದಿದ್ದ ರೋಗಿಗಳು ಕೂಗುವ ತನಕ ಉಸಿರೆಳೆಯುತ್ತಾ ಬಿಡುತ್ತಾ ಕೂತಿದ್ದ. ಮನೆಗೆ ಬಂದವನೇ ಕ್ಲಾರ್ನೆಟ್ ಪೆಟ್ಟಿಗೆ ತೆರೆದ. ಅವತ್ತು ಅವನು ಊದಿದ ಸ್ವರ ಮೇಲೆ ಹೋಗಲಿಲ್ಲ, ಕೆಳಗೆ ಇಳಿಯಿತು. ಬಿಟ್ಟ ಉಸಿರಿನ ಬೆನ್ನು ಹತ್ತಿ ಆಳಕ್ಕೆ ಇಳಿಯಿತು. ಪ್ಯಾರಿಬಿ ಹಿಟ್ಟು ನಾದುವ ಕೈ ನಿಲ್ಲಿಸಿ, "ಏನ್ರಿ, ಇದು ಯಾವಾಗ ಕಲತೀರಿ?" ಎಂದಳು.

*

ದೀಪಾವಳಿ ಕಳೆದು ಅಫಜಲಪುರದಲ್ಲಿ ದೌಲತರಾಯರ ಮಗನ ಲಗ್ನ ಬಂತು. ಭೀಮೆಯ ದಂಡೆಯ ದೊಡ್ಡ ಜಮೀನುದಾರರು. ಹೆಣ್ಣು ಆಳಂದದ್ದು, ಹೀರಾಬಾಯಿಯ ಚಿಕ್ಕಪ್ಪನ ಮಗಳೇ. ಗಂಡಿನ ಕಡೆ ರಾಜೇಸಾಬನ ಬ್ಯಾಂಡು, ಹೆಣ್ಣಿನ ಕಡೆ ಉಸ್ಮಾನಸಾಬನದು. ಜೇವರ್ಗಿಯಲ್ಲಿ ಬಿದ್ದವನು ಮತ್ತೆ ಬರುತ್ತಾನಂತೆ ಎಂಬ ಸುದ್ದಿ ಮೂರೂ ತಾಲೂಕು ಸುತ್ತಿತ್ತು. ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ರಾಜೇಸಾಬ ಹತ್ತಿರ ಬಂದು ಕೈ ಹಿಡಿದ. "ಉಸ್ತಾದ, ಇವತ್ತು ಜರಾ ಸಣ್ಣಗ ಬಾರಸೋಣು. ನಿಮ್ಮ ಜೀವ ನಂಗ ಬೇಕು."

"ನೀ ಸಣ್ಣಗ ಬಾರಿಸಿದ್ರ ನಾ ಸೀದಾ ಆಳಂದಕ್ಕ ಹೋಗ್ತೇನಿ ನೋಡು," ಎಂದ ಉಸ್ಮಾನಸಾಬ. ರಾಜೇಸಾಬ ಗಟ್ಟಿಯಾಗಿ ನಕ್ಕು ತನ್ನವರ ಕಡೆ ತಿರುಗಿ ಕೈ ಎತ್ತಿದ.

ಆಮೇಲೆ ಆದದ್ದನ್ನು ಅಫಜಲಪುರದವರು ವರ್ಷಗಟ್ಟಲೆ ಹೇಳಿಕೊಂಡರು. ರಾಜೇಸಾಬನ ಬೆರಳು ಮಿಂಚಿನಂತೆ ಓಡಿದವು. ಉಸ್ಮಾನಸಾಬನ ಎದೆ ಏರಿತು, ಕಿವಿ ಧಿಂ ಅಂದಿತು, ಹೋಗಿದೆ ಎಂದುಕೊಂಡ ಆ ಬಿಸಿ ಮುಖಕ್ಕೆ ನುಗ್ಗಿ ಬಂತು. ಅವನು ತಾನಕ್ಕೆ ತಾನ ಕೊಟ್ಟ. ಢೋಲು ತಾಶಾಗಳು ನಡುವೆ ಹೊಕ್ಕಾಗ ಉಸಿರು ಬಿಟ್ಟು ನಿಂತ; ಎದೆ ತಾನಾಗಿ ತಣ್ಣಗೆ ಇಳಿದು ಕೂತದ್ದು ಅವನಿಗೇ ತಿಳಿಯಿತು. ಮತ್ತೆ ಹತ್ತಿದ, ಮತ್ತೆ ಇಳಿದ. ಕಡೆಗೆ ಜನ ಅವನ ದೊಡ್ಡ ಸ್ವರಕ್ಕಾಗಿ ಕೂಗತೊಡಗಿದರು. ದಾವಲಸಾಬನ ಮುಖದ ಮೇಲೆ ನಗು ಆರಿತು. ಹೆಂಗಸರ ಗುಂಪಿನ ನಡುವೆ ಹೀರಾಬಾಯಿ ಮುಷ್ಟಿ ಬಿಗಿ ಹಿಡಿದು ನಿಂತಿದ್ದಳು.

ಉಸ್ಮಾನಸಾಬ ತಲೆ ಹಿಂದಕ್ಕೆ ಒಗೆಯಲಿಲ್ಲ. ಕ್ಲಾರ್ನೆಟ್ಟನ್ನು ಎದೆಗೆ ನೇರ ಹಿಡಿದು, ಮೇಲಿನ ಸ್ವರ ಮುಟ್ಟಿದಂತೆ ಮಾಡಿ, ಅಲ್ಲಿಂದ ಇಳಿಯತೊಡಗಿದ. ಜನ ಮೇಲೆ ನೋಡುತ್ತಿದ್ದರೆ ಸ್ವರ ಕೆಳಗೆ ಹೋಯಿತು. ಇಳಿದು, ಇಳಿದು, ಇನ್ನು ತಳವಿಲ್ಲ ಅನ್ನುವಲ್ಲಿಗೆ ಹೋಗಿ ನಿಂತು ನಡುಗಿತು. ಕೂಗಾಡುತ್ತಿದ್ದ ರಸ್ತೆ ಗಪ್ಪೆಂದು ಸುಮ್ಮನಾಯಿತು. ಎತ್ತಿನ ಕೊರಳ ಗೆಜ್ಜೆ ಕೂಡ ಕೇಳಿಸಿತು.

ರಾಜೇಸಾಬ ಉತ್ತರ ಕೊಡಲಿಲ್ಲ. ಕಣ್ಣು ಮುಚ್ಚಿ ಕೇಳಿದ. ಆಮೇಲೆ ತನ್ನ ಕ್ಲಾರ್ನೆಟ್ ಬಾಯಿಗಿಟ್ಟು ಅದೇ ಸ್ವರದ ಕೆಳಗೆ ಮೆಲ್ಲಗೆ ಸೇರಿಕೊಂಡ. ಇಬ್ಬರೂ ಒಂದಾಗಿ ಅದನ್ನು ಹೊತ್ತು ಮೇಲೆ ತಂದರು. ಎರಡೂ ಬ್ಯಾಂಡಿನ ಢೋಲುಗಳು ಒಟ್ಟಿಗೆ ಬಿದ್ದವು. ಜನ ಟೋಪಿ, ಟವೆಲ್ಲು, ಕೈಗೆ ಸಿಕ್ಕದ್ದೆಲ್ಲ ಮೇಲಕ್ಕೆ ತೂರಿದರು.

ಮಂಟಪದ ಹಿಂದಿನ ಹೊರಸಿನ ಮೇಲೆ ಹೀರಾಬಾಯಿ ಮೊದಲೇ ಪಾದರಸದ ಪೆಟ್ಟಿಗೆ ಬಿಚ್ಚಿಟ್ಟಿದ್ದಳು. ಉಸ್ಮಾನಸಾಬ ಬೆವರು ಸುರಿಸುತ್ತಾ ಕೂತ. ಅಳೆದಳು. "ಏರ್ಯಾದ, ಚಲೋ ಏರ್ಯಾದ!" ಎಂದಳು. "ಮಾತಾಡಬ್ಯಾಡ್ರಿ, ಸುಮ್ಮನ ಕುಂಡ್ರಿ." ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಳೆದಳು. ಪಾದರಸ ಕೆಳಗೆ ನಿಂತಿತು. ಇನ್ನೊಮ್ಮೆ ಅಳೆದಳು. ಇನ್ನೂ ಕೆಳಗೆ. ಅವಳು ಉಸ್ಮಾನಸಾಬನ ಭುಜ ಹಿಡಿದು ಅಲುಗಾಡಿಸಿಬಿಟ್ಟಳು. "ಇಳೀತು! ತಾನ ಇಳೀತು! ಯಾರೂ ಹೇಳಲಿಲ್ಲ, ಕೇಳಲಿಲ್ಲ!"

ರಾಜೇಸಾಬ ಇಣುಕಿ ನೋಡುತ್ತಿದ್ದ. "ಬಾಯಿ, ನಂದೂ ಜರಾ ನೋಡ್ರಿ," ಎಂದು ತೋಳು ಏರಿಸಿದ. ಅವನ ಹಿಂದೆ ಅವನ ತಾಶಾದವನು. ಅವನ ಹಿಂದೆ ದಾವಲಸಾಬ. ನೋಡ ನೋಡುತ್ತ ಎರಡೂ ಬ್ಯಾಂಡಿನವರು ಅಂಗಿ ತೋಳು ಮಡಚಿಕೊಂಡು ಹೊರಸಿನ ಸುತ್ತ ನಿಂತರು. ರಾಜೇಸಾಬನದು ಅಳೆದಾಗ ಹೀರಾಬಾಯಿ ಹುಬ್ಬು ಗಂಟಿಕ್ಕಿ, "ನೀವು ನಾಳಿಗೆ ಆಳಂದಕ್ಕ ಬರ್ರಿ," ಎಂದಳು. "ಹೆದರಬ್ಯಾಡ," ಎಂದ ಉಸ್ಮಾನಸಾಬ ಅವನ ಬೆನ್ನು ತಟ್ಟಿ. "ಹೊತ್ತು ಹಿಡೀತದ, ಆದ್ರ ಇಳೀತದ. ನಾ ಇದ್ದೇನಿ."

ಅಷ್ಟರಲ್ಲಿ ದೌಲತರಾಯರು ರುಮಾಲು ಜಾರಿದ್ದೂ ತಿಳಿಯದೆ ಓಡಿ ಬಂದರು. "ಯಪ್ಪಾ, ಕೈ ಮುಗೀತೇನಿ! ಅಕ್ಕಿಕಾಳಿನ ವ್ಯಾಳ್ಯಾ ಆತು, ಮಂದಿ ಕೈಯಾಗ ಅಕ್ಕಿ ಹಿಡಕೊಂಡು ನಿಂತದ, ಒಬ್ಬ ಬಾಜಾದವ ಕಾಣವಲ್ಲ. ಲಗ್ನ ಮಾಡಸ್ತೀರೋ ದವಾಖಾನಿ ನಡಸ್ತೀರೋ?"

ಎಲ್ಲರೂ ಒಟ್ಟಿಗೆ ಎದ್ದರು. ಯಾರ ಟೋಪಿ ಯಾರ ತಲೆಗೋ, ಯಾರ ಢೋಲು ಯಾರ ಕೊರಳಿಗೋ. ಅಫಜಲಪುರದವರು, ಆಳಂದದವರು ಎಂದು ಬೇರೆ ಮಾಡಿ ನಿಲ್ಲಲು ಹೊತ್ತೇ ಇರಲಿಲ್ಲ. ಉಸ್ಮಾನಸಾಬ ಓಡುತ್ತಲೇ ರಾಜೇಸಾಬನ ಕಡೆ ನೋಡಿ, "ನೀ ಮೊದಲು ಹಿಡಿ, ನಾ ಬಂದೆ," ಎಂದ. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಮಂಟಪದ ಮೆಟ್ಟಿಲ ಹತ್ತಿರ ಬಾಜಾ ಎದ್ದಿತು.